ಹಗೇವಿನ ಮೇಲಿನ ಕೈಗುರುತು

ಬೀಗ ಹಾಕಿದ ಮೇಲೂ ಅದನ್ನು ಜಗ್ಗಿ ನೋಡದೆ ಮೆಟ್ಟಿಲಿಳಿಯುವುದು ನನ್ನಿಂದಾಗದು. ಮೊನ್ನೆ ಹಾಗೇ ಜಗ್ಗುತ್ತಿದ್ದಾಗ ಚಿಲಕವೇ ಸಡಿಲವಾಗಿ ಕೈಗೆ ಬಂತು. ಎದುರುಮನೆಯಾಕೆ ಕಿಟಕಿಯಿಂದಲೇ, "ದಿನಾ ಎಳೆದರೆ ಇನ್ನೇನಾಗುತ್ತೆ?" ಅಂದರು. ನನಗೆ ಚಿಲಕಕ್ಕಿಂತ ದೊಡ್ಡ ಚಿಂತೆ ಹತ್ತಿತು. ಈಕೆ ದಿನವೂ ನನ್ನ ಬಾಗಿಲನ್ನೇಕೆ ನೋಡುತ್ತಾರೆ?

ಅನುಮಾನ ನಮಗೆ ತಾತನ ಕಡೆಯಿಂದ ಬಂದ ಆಸ್ತಿ. ಯಳಂದೂರು ಸೀಮೆಯ ಅಗರದ ಆಚೆಯ ನಮ್ಮ ಪುಟ್ಟ ಊರಿಗೆ ತಾತ ಯಜಮಾನ. ಆಗ ಯಳಂದೂರು ಮೈಸೂರಿಗೆ, ಪಕ್ಕದ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು. ತಾತ ಎರಡೂ ಸರ್ಕಾರಗಳನ್ನು ನಂಬುತ್ತಿರಲಿಲ್ಲ. ಮಜ್ಜಿಗೆಗೆ ಅಜ್ಜಿಯೇ ನೀರು ಬೆರೆಸಿದರೂ, ಎಷ್ಟು ಬೆರೆಸಿದೆ ಎಂದು ಕೇಳಿಯೇ ಕುಡಿಯುತ್ತಿದ್ದ.

ಊರಿನ ಆಡಳಿತವೆಲ್ಲ ನಡೆಯುತ್ತಿದ್ದದ್ದು ಚಾವಡಿಯಲ್ಲಿ. ಅದರ ನೆಲದಡಿಯಲ್ಲೇ ಊರೊಟ್ಟಿನ ಹಗೇವು, ಅಂದರೆ ರಾಗಿ ತುಂಬಿಡುವ ಗುಂಡಿ. ಸುಗ್ಗಿಯಲ್ಲಿ ಎಲ್ಲ ಮನೆಯವರೂ ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಕೆಮ್ಮಣ್ಣು ಮೆತ್ತುವರು. ಮಣ್ಣು ಹಸಿಯಿರುವಾಗಲೇ ಮನೆಗೊಬ್ಬ ಗಂಡಸು ಅಂಗೈ ಒತ್ತಬೇಕು. ಕದ್ದು ತೆಗೆದವನು ಎಲ್ಲರ ಕೈಗುರುತನ್ನು ಮತ್ತೆ ಮೂಡಿಸಲಾರ. ಒಬ್ಬರನ್ನೊಬ್ಬರು ನಂಬದವರು ಕೂಡಿ ಬಾಳಲು ಇಷ್ಟು ಚೆಂದದ ಉಪಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ವರ್ಷ ಆಷಾಢದಲ್ಲಿ ಮನೆಗಳ ರಾಗಿ ಮುಗಿದು, ಹಗೇವು ತೆಗೆಯಲು ಊರು ಸೇರಿತು. ನೋಡಿದರೆ ಎಲ್ಲರ ಅಂಗೈಯೂ ಇದೆ, ತಾತನದು ಮಾತ್ರ ಇಲ್ಲ. ಆ ಜಾಗ ನುಣ್ಣಗಿದೆ.

"ಅಷ್ಟೇ ಜಾಗ್ದಲ್ಲಿ ಮಣ್ ಕಿತ್ತು, ಚಪ್ಪಡಿ ಸಂದೀಲಿ ರಾಗಿ ತಕಂಡು ಮೆತ್ತವ್ರೆ, ಕೈ ಒತ್ತಾದ್ ಮರ್ತವ್ರೆ ಕಣ್ಲಾ!" ಎಂದು ತಾತನನ್ನು ಕಂಡರಾಗದ ಪುಟ್ಟೇಗೌಡ ಕೂಗಿದ. "ಮೊದ್ಲು ಯಜಮಾನ್ಕೆ ಬುಡ್ಲಿ, ಆಮ್ಯಾಕೆ ಹಗೇವು ತೆಗೀವಾ."

ಜನ್ಮವಿಡೀ ಊರನ್ನು ಶಂಕಿಸಿದ ತಾತನಿಗೆ, ಊರೂ ತನ್ನನ್ನು ಶಂಕಿಸಬಹುದೆಂದು ಹೊಳೆದೇ ಇರಲಿಲ್ಲ. ತಾತನ ಪಂಚೆ ಹಿಡಿದು ನಿಂತಿದ್ದ ಎಳೆಯ ನನಗೆ ಅಳು ಬಂತು. ಅಳುತ್ತಲೇ, ತೆಗೆದಿದ್ದರೂ ತೆಗೆದಿರಬಹುದು ಅನ್ನಿಸಿತು ನೋಡಿ!

ಆಗ ಚಾವಡಿಯ ಪಕ್ಕದ ಮನೆಯ ಸಣ್ಣಮ್ಮ ಮುಂದೆ ಬಂದಳು. ಗಂಡ ಸತ್ತ ಮೇಲೆ ಒಬ್ಬಳೇ ಬೇಸಾಯ ಮಾಡುತ್ತಿದ್ದವಳು. "ಮಾವ ಕದ್ದಿಲ್ಲ. ದಿನಾ ಒತ್ತಾರೆ ಎದ್ದು ಬಂದು, ತನ್ ಗುರ್ತಲ್ಲೇ ಕೈಯಿಟ್ಟು ಸವ್ರಿ ಸವ್ರಿ, ಯಾರೂ ಮುಟ್ಟಿಲ್ಲ ಅಂತ ನೋಡ್ಕಂಡು ಓಯ್ತದೆ. ಅಂಗ್ ಸವ್ರುದ್ರೆ ಮಣ್ಣು ಸವೀದೆ ಇನ್ನೇನಾದದು?"

"ನೀನ್ಯಾಕೆ ದಿನಾ ನನ್ನ ನೋಡ್ತಿದ್ದೆ?" ಮಾನ ಉಳಿಯಿತೆಂಬ ಸಮಾಧಾನಕ್ಕಿಂತ ಮೊದಲು ತಾತನಿಗೆ ಬಂದದ್ದು ಈ ಅನುಮಾನ.

"ನಿಮ್ಮ್ಯಾಲೆ ನಂಬ್ಕೆ ಇರ್ನಿಲ್ಲ ಮಾವ. ನನ್ ರಾಗೀನೂ ಒಳಗದೆ, ನನ್ ಕೈ ಮಾತ್ರ ಮ್ಯಾಲಿಲ್ಲ."

ಚಪ್ಪಡಿ ಸರಿಸಿದಾಗ ರಾಗಿ ತುಂಬಿದಂತೆಯೇ ಇತ್ತು. ಮುಂದಿನ ಸುಗ್ಗಿಯಲ್ಲಿ ತಾತನೇ ಮಣ್ಣು ಕಲಸಿ, "ಬಾ ಕಣವ್ವ, ನೀನೇ ಮೊದ್ಲು ಒತ್ತು" ಅಂದ. ಬೆಳಗಿನ ತಪಾಸಣೆಯನ್ನೇನೂ ಬಿಡಲಿಲ್ಲ. ಕೈಯನ್ನು ಮಾತ್ರ ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತಿದ್ದ.

ಇವತ್ತು ಹೊಸ ಚಿಲಕಕ್ಕೆ ಬೀಗ ಹಾಕಿ, ಜಗ್ಗದೆ, ಇನ್ನೊಂದು ಕೀಲಿಕೈಯನ್ನು ಎದುರುಮನೆಯಾಕೆಗೆ ಕೊಟ್ಟೆ. ಕೊಡುವಾಗ ಎದೆ ಅಳುಕಿದ್ದು ನಿಜ. ಆಕೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಆ ಬೀಗದ್ದೇ ತಾನೇ? ನನ್ನ ಮುಂದೆ ಒಂದು ಸಲ ಹಾಕಿ ತೋರಿಸಿ" ಅಂದರು.

ಆಗ ನನಗೆ ಪೂರ್ತಿ ನಂಬಿಕೆ ಬಂತು.