ಉಪ್ಪಿಗೆ ಕೇಡಿಲ್ಲ ಎಂದಿದ್ದ ಹುಸೇನಮ್ಮ

ಆದೋನಿ ಸೀಮೆಯ ಆಲೂರಿನ ಸಂತೆಯಲ್ಲಿ ಹುಸೇನಮ್ಮನನ್ನು ಹುಡುಕುವವರಿಗೆ ಕಣ್ಣು ಬೇಕಿರಲಿಲ್ಲ, ಮೂಗಿದ್ದರೆ ಸಾಕಿತ್ತು. ಬೇವಿನ ಮರದ ಬುಡದಲ್ಲಿ ಗೋಣಿ ಹಾಸಿ, ಒಣಮೀನಿನ ಗುಡ್ಡೆಗಳ ನಡುವೆ ಕಾಲು ಚಾಚಿ ಕೂತಿರುತ್ತಿದ್ದಳು. ಮೊಹರಂನ ಪೀರಲ ದೇವರಿಗೆ ಹರಕೆ ಹೊತ್ತು ಹಡೆದ ಮಗಳೆಂದು ಅವ್ವ ಇಟ್ಟ ಹೆಸರು ಅದು. ಕಸುಬು ಬಂದದ್ದು ಅತ್ತೆಯಿಂದ.

ಮೀನು ಬರುತ್ತಿದ್ದುದು ಮೂಡಣ ಕಡಲಿನಿಂದ. ಆದೋನಿಯವರೆಗೆ ಲಾರಿಯಲ್ಲಿ, ಅಲ್ಲಿಂದ ಬಸ್ಸಿನ ನೆತ್ತಿಯ ಮೇಲೆ. ಕಳಿಸುತ್ತಿದ್ದವಳು ಪೋಲಮ್ಮ, ಕಡಲ ದಂಡೆಯ ಬೆಸ್ತರ ಹೆಣ್ಣು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಅವಳ ತೆಲುಗು, ಇವಳ ಅರ್ಧ ತೆಲುಗು ಸೇರಿ ಫೋನಿನಲ್ಲೇ ಅಕ್ಕ ತಂಗಿಯರಾಗಿದ್ದರು. ಮಾತಾಡುವಾಗ ಆ ಕಡೆ ಹರಾಜಿನ ಗದ್ದಲ, ಹೆಂಗಸರ ಜಗಳ, ಅದರ ಹಿಂದೆ ಒಂದೇ ಸಮನೆ ಭೋರ್ಗರೆತ. ಲಾರಿಗಳು ಓಡಾಡುತ್ತಿವೆ ಎಂದುಕೊಂಡಿದ್ದಳು ಹುಸೇನಮ್ಮ. ಅದು ಅಲೆ ಎಂದು ಪೋಲಮ್ಮ ಹೇಳಿದ ದಿನ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದ್ದಳು.

ಕಡಲನ್ನು ಕಾಣದ ಹುಸೇನಮ್ಮನಿಗೆ ಅದರ ಬಗ್ಗೆ ಇದ್ದ ತಿಳಿವಳಿಕೆ ಒಂದೇ. "ಉಪ್ಪಿಗೆ ಕೇಡಿಲ್ಲ, ಮೈಲಿಗಿ ಇಲ್ಲ. ಹಂಗಂದಮ್ಯಾಲ ಉಪ್ಪಿನ ನೀರಿಗೆ ಎಲ್ಲೀ ಕೇಡು?"

ಅವಳದೊಂದು ನೇಮವಿತ್ತು. ಸುತ್ತಿನ ಯಾವ ಊರಲ್ಲಿ ಹೆರಿಗೆಯಾದರೂ, ಯಾರೂ ಕರೆಯದೆ, ಬುಟ್ಟಿಯಲ್ಲಿ ಸೊರ ಎನ್ನುವ ಒಣ ಶಾರ್ಕ್ ಮೀನು ಹೊತ್ತು ಹೋಗುವುದು. ಸೊರವನ್ನು ಕುದಿಸಿ, ಎಳೆ ಎಳೆಯಾಗಿ ಬಿಡಿಸಿ, ಬೆಳ್ಳುಳ್ಳಿ ಹಾಕಿ ಹುರಿದು ತಿನ್ನಿಸಿದರೆ ಬಾಣಂತಿಗೆ ಹಾಲು ಉಕ್ಕುತ್ತದೆ ಅನ್ನುತ್ತಾರೆ. ಬಾಣಂತಿಯ ಮೀನಿಗೆ ಬೆಲೆ ಹೇಳಬಾರದು. ತೊಟ್ಟಿಲ ದಿನ ಆ ಮನೆಯವರು ಖಾಲಿ ಬುಟ್ಟಿಗೆ ಒಂದು ಕುಪ್ಪಸದ ಖಣ ಹಾಕಿ ಕಳಿಸಬೇಕು, ಅಷ್ಟೆ. ಹುಸೇನಮ್ಮನ ಕುಪ್ಪಸಗಳೆಲ್ಲ ಹಾಗೆ ಬಂದವೇ. ಅವಕ್ಕೆ ಕೂಸುಗಳ ಹೆಸರು. "ಇವತ್ತು ರಾಮಾಂಜೀನ ತೊಟ್ಟೀನಿ, ನಾಳಿಗಿ ಲಾವಣ್ಯನ್ನ ಒಗೀಬೇಕು" ಎನ್ನುವಳು. ಕೇಳಿದವರು ನಗುವರು. ಹಸಿರು ಕುಪ್ಪಸದ ಹೆಸರು ನಾಗಜ್ಯೋತಿ.

ಆ ನಾಗಜ್ಯೋತಿ, ಕುರಿ ಸಾಕುವ ಉಚ್ಚೀರಪ್ಪನ ಮಗಳು, ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಗಂಡು ಹಡೆದಳು. ಸುದ್ದಿ ಕೇಳಿ ಹುಸೇನಮ್ಮ ಹೊಸದಾಗಿ ಬಂದ ಸೊರದ ಮೂಟೆ ಬಿಚ್ಚಿದರೆ ಗಪ್ಪನೆ ಡೀಸೆಲ್ ವಾಸನೆ.

"ಲಾರಿಯವನ ಕೈ ಸೇದಿಹೋಗ. ಡಬ್ಬಿ ಚೆಲ್ಲ್ಯಾನ" ಎಂದು ಬೈದಳು. ಉಪ್ಪುನೀರಲ್ಲಿ ತೊಳೆದಳು, ಬೂದಿ ಸವರಿದಳು, ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದಳು. ವಾಸನೆ ತೆಳುವಾಯಿತು. ಬುಟ್ಟಿ ಹೊತ್ತು ಹೊರಟಳು.

ಉಚ್ಚೀರಪ್ಪನ ನಾಯಿ ಎಂದಿನಂತೆ ಓಡಿ ಬಂತು. ಅವಳು ಎಸೆದ ಮೀನಿನ ತಲೆಯನ್ನು ಮೂಸಿ, ಹಿಂದೆ ಸರಿದು ಕೂತಿತು.

"ಏನೋ ತಮ್ಮ, ನಿನ್ನ ನಾಯಿಗೆ ಮುಪ್ಪು ಬಂತು. ಮೀನಿನ ವಾಸನೀನೂ ತಿಳೀವಲ್ದು."

"ಮುಪ್ಪು ಬಂದಿದ್ದು ನಿನಗಕ್ಕ" ಎಂದ ಉಚ್ಚೀರಪ್ಪ. "ನಿನ್ನ ಮಾರಿ ನೋಡಿ ಅಂಜಿರಬೇಕು."

ಒಳಗೆ ಹುರಿದು ಬಡಿಸಿದಾಗ ನಾಗಜ್ಯೋತಿ ತುತ್ತು ಎತ್ತಿ ತಡೆದಳು. "ಅತ್ತೀ, ಏನೋ ಎಣ್ಣಿ ನಾರತೈತಿ."

"ಲಾರಿ ಎಣ್ಣಿ ಯವ್ವಾ, ಮ್ಯಾಲ ಮ್ಯಾಲ ಬಿದ್ದಿತ್ತು, ತೊಳದೀನಿ. ಒಳಗ ಉಪ್ಪು ಐತಿ, ಏನೂ ಆಗಂಗಿಲ್ಲ. ನಿನ್ನ ಹಡದಾಗ ನಿಮ್ಮವ್ವ ನನ್ನ ಕೈದೇ ತಿಂದಾಳ."

ನಾಗಜ್ಯೋತಿ ತಿಂದಳು. ಹುಸೇನಮ್ಮ ಕೊಟ್ಟಿದ್ದಾಳೆಂದೇ ತಿಂದಳು.

ಸಂಜೆಯೊಳಗೆ ವಾಂತಿ ಹತ್ತಿತು. ನೀರೂ ನಿಲ್ಲದಾಯಿತು. ಆದೋನಿಯ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು. ಆದರೆ ಸೊರಗಿ ಮನೆಗೆ ಬಂದವಳ ಎದೆಯಲ್ಲಿ ಹಾಲು ಮರಳಲಿಲ್ಲ. ಕೂಸಿನ ಬಾಯಿಗೆ ಬಾಟಲಿ ಬಂತು.

ಹುಸೇನಮ್ಮ ಪೋಲಮ್ಮನಿಗೆ ಫೋನು ಮಾಡಿದಳು, ಲಾರಿಯವನ ಹೆಸರು ಕೇಳಲು.

"ಸಮುದ್ರಂ ಚಚ್ಚಿಪೋಯಿಂದಕ್ಕಾ" ಎಂದಳು ಪೋಲಮ್ಮ.

"ಸಮುದ್ರ ಸಾಯತೈತೇನ?" ಎಂದಳು ಹುಸೇನಮ್ಮ.

ದೂರದಲ್ಲಿ ಎಣ್ಣೆಯ ಹಡಗೊಂದು ಒಡೆದಿತ್ತು. ಮೊದಮೊದಲು ನೀರಿನ ಮೇಲೆ ನವಿಲುಗರಿಯ ಬಣ್ಣವಷ್ಟೇ. ಹುಡುಗರು ನೋಡಲು ಓಡಿದ್ದರಂತೆ. ಆ ಮೂಟೆಯ ಸೊರ ಹಿಡಿದದ್ದು, ಮರಳ ಮೇಲೆ ಹರವಿ ಒಣಗಿಸಿದ್ದು ಆ ದಿನಗಳಲ್ಲೇ. ಆಮೇಲೆ ಡಾಂಬರಿನಂಥ ಕಪ್ಪು ಬಂತು. ಆಮೆಗಳು ಸತ್ತು ದಂಡೆಗೆ ಬಿದ್ದವು. ಬಲೆಗಳು ಮುದ್ದೆಗಟ್ಟಿದವು. ದೋಣಿಗಳನ್ನು ಮೇಲೆಳೆದು ಮಗುಚಿ ಹಾಕಿದರು. ಪೋಲಮ್ಮನ ಗಂಡ ಪಟ್ಟಣಕ್ಕೆ ಗಾರೆ ಕೆಲಸಕ್ಕೆ ಹೋದ.

"ನಂಗೂ ತಿಳೀಲಿಲ್ಲಕ್ಕಾ" ಎಂದಳು ಪೋಲಮ್ಮ.

ಹುಸೇನಮ್ಮ ಉಳಿದ ಸೊರವನ್ನು ಹಳ್ಳದ ದಂಡೆಯಲ್ಲಿ ಹೂತಳು. ಸಂತೆಯಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ನಿಂತು, ಮೊಮ್ಮಕ್ಕಳ ಸುದ್ದಿ ಕೇಳಿ, ಮೀನಿನ ಕಡೆ ನೋಡದೆ ಮುಂದೆ ಹೋಗುತ್ತಿದ್ದರು. ಹಡಗು ಒಡೆಯುವ ಮೊದಲೇ ಬಂದಿದ್ದ ಒಳ್ಳೆ ಮೀನು ಸಹ ಹಾಗೇ ಉಳಿದು ಹುಳ ಹಿಡಿಯಿತು.

ತೊಟ್ಟಿಲಿಗೆ ಉಚ್ಚೀರಪ್ಪನೇ ಬಂದು ಕರೆದ. ಖಣ ಬೇಡವೆಂದು ಹುಸೇನಮ್ಮ ಖಾಲಿ ಬುಟ್ಟಿಯನ್ನು ತನ್ನ ಮನೆಯಲ್ಲೇ ಬಿಟ್ಟು ಹೋದಳು. ಉಚ್ಚೀರಪ್ಪನ ಹೆಂಡತಿ ಖಣವನ್ನು ಅವಳ ಮಡಿಲಿಗೇ ಹಾಕಿದಳು.

"ಬ್ಯಾಡಬೇ ಯವ್ವಾ. ಯಾವ ಮಾರಿ ಇಟ್ಕಂಡು ಇದನ್ನ ತಗಳ್ಳಿ?"

"ತಗಾ ಹುಸೇನಕ್ಕ. ನೀನೇನು ಬೇಕಂತ ಮಾಡಿದ್ದೇನ?"

ತೊಟ್ಟಿಲ ಬಳಿ ನಾಗಜ್ಯೋತಿ ಬಾಟಲಿ ಅಲ್ಲಾಡಿಸುತ್ತಿದ್ದಳು. ತಲೆ ಎತ್ತಿ "ಊಟ ಮಾಡ್ಕಂಡು ಹೋಗು ಅತ್ತೀ" ಎಂದಳು. ಹುಸೇನಮ್ಮ ಖಣವನ್ನು ಸೆರಗಿಗೆ ಕಟ್ಟಿಕೊಂಡಳು.

ಬೇಸಿಗೆ ಕಳೆದ ಮೇಲೆ ಪೋಲಮ್ಮನ ಫೋನು ಬಂತು. ನೀರು ತಿಳಿಯಾಗಿದೆ, ಅಧಿಕಾರಿಗಳು ನೋಡಿ ಆಗಬಹುದು ಅಂದಿದ್ದಾರೆ, ತಾನೇ ತಿಂದು ನೋಡಿದ್ದೇನೆ, ಆದರೂ ಕೊಳ್ಳುವವರಿಲ್ಲ ಎಂದಳು. "ಒಂದೇ ಒಂದು ಮೂಟೆ ತಗೋ ಅಕ್ಕಾ. ನೀನು ತಗೊಂಡ್ರೆ ಉಳಿದವರೂ ತಗೋತಾರೆ."

"ನೀ ಸುಳ್ಳು ಹೇಳಾಕಿ ಅಲ್ಲ ತಂಗಿ. ನಿನ್ನ ಮೀನು ಚಲೋ ಐತಿ ಅಂತ ನನಗ ಗೊತ್ತೈತಿ" ಎಂದಳು ಹುಸೇನಮ್ಮ. "ಬಾಣಂತಿಗೂ ಹಿಂಗೇ ಅಂದಿದ್ನಲ್ಲ. ಇನ್ನೊಮ್ಮಿ ಅನ್ನಾಕ ಬಾಯಿ ಬರವಲ್ದು."

"ಸರೇ ಅಕ್ಕಾ" ಎಂದಳು ಪೋಲಮ್ಮ.

ಇಬ್ಬರೂ ಫೋನು ಇಡಲಿಲ್ಲ. ಆ ಕಡೆ ಹರಾಜಿಲ್ಲ, ಜಗಳವಿಲ್ಲ. ಬರಿಯ ಅಲೆ.

ಹುಸೇನಮ್ಮ ಈಗ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾಳೆ. ಆ ಖಣ ಟ್ರಂಕಿನಲ್ಲಿದೆ, ಹೊಲಿಸಿಲ್ಲ. ಕೂಸಿಗೆ ಇಟ್ಟ ಹೆಸರು ಶಿವಕೃಷ್ಣ ಎಂದು ಅವಳಿಗೆ ಗೊತ್ತು. ಖಣವನ್ನು ಮಾತ್ರ ಆ ಹೆಸರಿನಿಂದ ಕರೆದಿಲ್ಲ.