ತುರುಬಿನಲ್ಲಿ ಸಿಕ್ಕಿದ ಬೆಣೆ

ನನ್ನ ನಾದಿನಿಯನ್ನು ಇಡೀ ಶಾಲೆ ಬೆಣೆಯಕ್ಕ ಎಂದೇ ಕರೆಯುತ್ತದೆ. ಹಿಡಿ ತಿರುಗಿಸಿದರೆ ಕತ್ತು ಚಾಚುವ ಆಮೆ, ರೆಕ್ಕೆ ಬಡಿಯುವ ಗೂಬೆ, ಒದೆಯುವ ಕತ್ತೆ, ಇವನ್ನೆಲ್ಲ ಶಾಲೆಯ ಒಂದು ಕೋಣೆಯಲ್ಲಿ ಮರದ ಚೂರುಗಳಿಂದ ಮಕ್ಕಳ ಕೈಯಲ್ಲೇ ಮಾಡಿಸುತ್ತಾಳೆ. ಕಡ್ಡಿ, ಚಾಕು ಎತ್ತಿಕೊಡುವ ಕೆಲಸ ನನ್ನದು. ಆ ಕತ್ತೆ ಒಮ್ಮೆ ಒದ್ದ ರಭಸಕ್ಕೆ ನನ್ನ ಕನ್ನಡಕ ಪಕ್ಕದ ಬೀದಿಗೆ ಹಾರಿತು. ಹುಡುಕಿಕೊಂಡು ಹೋದರೆ ಯಾರದೋ ಮೂಗಿನ ಮೇಲೆ ಕೂತು ಪೇಪರ್ ಓದುತ್ತಿತ್ತು.

ಅವಳದೊಂದು ಹಟ. ಮನೆಗೆ ಕೊಟ್ಟು ಕಳಿಸುವ ಪ್ರತಿ ಆಟಿಕೆಯಿಂದಲೂ ಒಂದು ಬೆಣೆಯನ್ನು, ಅಂದರೆ ಚಕ್ರವನ್ನು ಹಿಡಿಯ ಸರಳಿಗೆ ಕಚ್ಚಿಸುವ ಪುಟ್ಟ ಕಡ್ಡಿಯನ್ನು, ಕಿತ್ತು ತುರುಬಿಗೆ ಸಿಕ್ಕಿಸಿಕೊಳ್ಳುತ್ತಾಳೆ. ಏನು ಇಲ್ಲ ಎಂದು ಮಗುವೇ ಹುಡುಕಬೇಕು, ಕೆತ್ತಿ ತಾನೇ ಹಾಕಬೇಕು. ಯಾರೂ ಹೇಳಿಕೊಡುವಂತಿಲ್ಲ. ಸಂಜೆಯ ಹೊತ್ತಿಗೆ ಅವಳ ತುರುಬು ಮುಳ್ಳುಹಂದಿ.

ಅಪ್ಪ ಅಮ್ಮಂದಿರಿಗೆ ಇದು ಹಿಡಿಸಲಿಲ್ಲ. ಓಡದ ಆಟಿಕೆ ಕೊಟ್ಟು ಕಳಿಸುತ್ತಾರೆಂದು ದೂರು ಹೋಯಿತು. ಹೆಡ್ ಮೇಡಂಗೂ ಮುರಿದ ಬೆಂಚುಗಳನ್ನಿಡಲು ಜಾಗ ಬೇಕಿತ್ತು. "ನಾಳೆ ಬರ್ತೀನಿ. ಒಂದಾದ್ರೂ ನನ್ನ ಕಣ್ಣೆದುರು ಓಡಬೇಕು. ಇಲ್ಲಾಂದ್ರೆ ಕೋಣೆ ಖಾಲಿ ಮಾಡಿ" ಎಂದುಬಿಟ್ಟರು.

"ಈ ಸಲ ಬೆಣೆ ಕೀಳಬೇಡ ತಾಯಿ" ಎಂದೆ.

"ಭಾವ, ನಿಮ್ಮ ತಲೆ ಮೇಲೆ ಕೂದಲಿಲ್ಲ ಅಂತ ನನ್ನ ತಲೇಲಿ ಬುದ್ಧಿ ಇರಬಾರದಾ? ಸುಮ್ನಿರಿ."

ಮರುದಿನ ಕಾಳು ಕುಕ್ಕುವ ಕೋಳಿ ಮೇಜಿನ ಮೇಲೆ ಸಿದ್ಧವಾಗಿತ್ತು. ಮೇಡಂ ಬಂದವರೇ ದೊಡ್ಡ ಬೀಗವನ್ನು ಕೋಳಿಯ ಮುಂದೆ ಧಡ್ಡನೆ ಇಟ್ಟು ಹಿಡಿಗೆ ಕೈ ಹಾಕಿದರು. ನಾದಿನಿ ಕುರ್ಚಿ ಎಳೆಯಲು ಅತ್ತ ತಿರುಗಿದಳು. ಆಗ ಕಂಡಿತು. ತುರುಬಿನಲ್ಲಿ ಒಂದೇ ಒಂದು ಬೆಣೆ, ತುದಿಗೆ ಕೋಳಿಯ ಕೆಂಪು ಬಣ್ಣ. ಅವಳಿಗೇ ಗೊತ್ತಿಲ್ಲದಂತೆ ಕೈ ತನ್ನ ಚಾಳಿ ತೋರಿಸಿತ್ತು.

ನನ್ನ ಎದೆ ಹೊಡೆದುಕೊಂಡ ಸದ್ದಿಗೆ ಜವಾನ ಶಾಲೆ ಬಿಟ್ಟಿತೆಂದು ಗೇಟು ತೆರೆದ. ಬೋಳು ತಲೆಯ ಹಿಂಭಾಗವನ್ನು ತಟ್ಟಿ ತಟ್ಟಿ ಸನ್ನೆ ಮಾಡಿದೆ.

"ಯಾಕೆ ಭಾವ, ತಲೆನೋವಾ?"

ಹಿಡಿ ಗರಗರ ತಿರುಗಿತು. ಕೋಳಿ ಮಾತ್ರ ಮಿಸುಕಲಿಲ್ಲ. ಮೇಡಂ ಮತ್ತೆ ತಿರುಗಿಸಿದರು. ಊಹೂಂ.

"ದೂರು ಕೊಟ್ಟವರು ಹೇಳಿದ್ದು ಸುಳ್ಳಲ್ಲ ಹಾಗಾದ್ರೆ" ಎನ್ನುತ್ತಾ ಬೀಗ ಎತ್ತಿಕೊಂಡರು.

ನಾದಿನಿಯ ಕೈ ಮೆಲ್ಲಗೆ ತುರುಬಿಗೆ ಹೋಯಿತು. ಬೆಣೆ ಎಳೆದು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಅದನ್ನು ಕೋಳಿಗೆ ಒಂದು ಸಲ ಒತ್ತಿದರೆ ಕೋಣೆ ಉಳಿಯುತ್ತಿತ್ತು. ಕೊಡೇ, ಕೊಟ್ಟುಬಿಡೇ ಎಂದು ನಾನು ಕಣ್ಣಲ್ಲೇ ಕಿರುಚಿದೆ.

ಅವಳು ಕೊಡಲಿಲ್ಲ. ಇನ್ನೊಂದು ಕೈಯಿಂದ ಒಂದು ಒರಟು ಕಡ್ಡಿ, ಒಂದು ಚಾಕು ಮುಂದಿಟ್ಟಳು. "ಬೀಗ ಹಾಕೋಕೆ ಮುಂಚೆ ಕೋಳೀನ ಒಂದ್ಸಲ ಬುಡಮೇಲು ಮಾಡಿ ನೋಡಿ, ಮೇಡಂ."

ಮೇಡಂ ಗುರಾಯಿಸಿದರು. ನಾನು ದೇವರಿಗೆ ನನ್ನ ಉಳಿದ ನಾಲ್ಕು ಕೂದಲನ್ನೂ ಹರಕೆ ಹೊತ್ತೆ. ಕೊನೆಗೆ ಮೇಡಂ ಬೀಗವನ್ನು ಮತ್ತೆ ಮೇಜಿನ ಮೇಲಿಟ್ಟು ಕೋಳಿಯನ್ನು ಮಗುಚಿದರು. "ಇಲ್ಲೊಂದು ತೂತಿದೆ. ಖಾಲಿ." ಕುರ್ಚಿಯಲ್ಲಿ ಕೂತರು. ಕೆತ್ತಿದ್ದು ದಪ್ಪವಾಯಿತು, ತೂರಲಿಲ್ಲ. ಇನ್ನಷ್ಟು ಹೆರೆದರು, ಸಡಿಲವಾಗಿ ಬಿದ್ದುಹೋಯಿತು. "ಇನ್ನೊಂದು ಕಡ್ಡಿ ಕೊಡ್ರೀ!" ಎಂದು ನನ್ನ ಮೇಲೆ ರೇಗಿದರು. ಕನ್ನಡಕ ಮೂಗಿನ ತುದಿಗೆ ಇಳಿದದ್ದೂ ಅವರಿಗೆ ತಿಳಿಯಲಿಲ್ಲ.

ಬೆಣೆ ಕಚ್ಚಿತು. ಹಿಡಿ ತಿರುಗಿತು. ಕೋಳಿ ಬಗ್ಗಿ ಬೀಗದ ನೆತ್ತಿಗೇ ಟಕ್ಕೆಂದು ಕುಕ್ಕಿತು.

ಮೇಡಂ ಇನ್ನೊಮ್ಮೆ ತಿರುಗಿಸಿದರು. ಮತ್ತೂ ಒಮ್ಮೆ. ಆಮೇಲೆ ತಲೆಯೆತ್ತದೆಯೇ ಕೇಳಿದರು: "ಬೇಕಂತ ತೆಗೆದಿದ್ದಾ, ಮರೆತಿದ್ದಾ?"

ನಾದಿನಿ ಮುಷ್ಟಿ ಬಿಚ್ಚಿದಳು. "ಮರೆತಿದ್ದು, ಮೇಡಂ. ಆದ್ರೆ ಕೊಟ್ಟಿದ್ರೆ ನೀವು ಕೂತ್ಕೊಂಡು ಕೆತ್ತುತ್ತಾ ಇರಲಿಲ್ಲ."

"ಮೊಂಡಿ ಕಣೇ ನೀನು." ಬೀಗ ಚೀಲಕ್ಕೆ ಹೋಯಿತು. "ಬೆಂಚುಗಳು ಮೆಟ್ಟಿಲ ಕೆಳಗೇ ಇರಲಿ. ಇನ್ನು ದೂರು ತಂದವರನ್ನ ಇಲ್ಲಿಗೇ ಕಳಿಸ್ತೀನಿ. ಚಾಕು ಚೂಪಾಗಿರಲಿ."

ಬಾಗಿಲವರೆಗೆ ಹೋದವರು ತಿರುಗಿ ಬಂದು, ತಾವು ಕೆತ್ತಿದ ಬೆಣೆಯನ್ನು ಕೋಳಿಯಿಂದ ಕಿತ್ತು ತಮ್ಮ ತುರುಬಿಗೆ ಸಿಕ್ಕಿಸಿಕೊಂಡು ಹೋದರು.