ಸೀಟಿ ಮೇಷ್ಟ್ರ ಹೊಟ್ಟೆಕಿಚ್ಚು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೈಸ್ಕೂಲು ಮೈದಾನದ ಮೂಲೆಯಲ್ಲಿ, ಅರವತ್ತರ ಅಂಚಿನಲ್ಲಿರುವ ಒಬ್ಬರು ಮಂಡಿಯೂರಿ ಕೂತು ಉದ್ದ ಜಿಗಿತದ ಗುಂಡಿಯ ಮರಳು ಕೆದಕುತ್ತಿದ್ದಾರೆ. ರಾತ್ರಿಯಿಡೀ ಬೀದಿನಾಯಿಗಳು ಮಲಗೆದ್ದ ಗುಂಡಿ ಅದು. ಗಾಜಿನ ಚೂರು, ಕಲ್ಲು, ಹೇಳಬಾರದ ಇನ್ನೂ ಏನೇನೋ ಸಿಗುತ್ತದೆ. ಎಲ್ಲವನ್ನೂ ಬರಿಗೈಯಲ್ಲೇ ಆರಿಸುತ್ತಾರೆ. "ಗ್ಲೌಸ್ ಹಾಕ್ಕೊಂಡ್ರೆ ಸಣ್ಣ ಚೂರು ಗೊತ್ತಾಗಲ್ಲ. ನನ್ನ ಕೈಗೆ ಚುಚ್ಚಿದ್ರೆ ಮಕ್ಕಳ ಕಾಲು ಉಳೀತು ಅಂತ ಲೆಕ್ಕ," ಎನ್ನುತ್ತಾರೆ. ಮರಳು ಸಮವಾದ ಮೇಲೆ ಸೊಂಟ ಹಿಡಿದುಕೊಂಡು ಎದ್ದು, ಶಿಲುಬೆಯ ಗುರುತು ಹಾಕಿಕೊಂಡು, ಕೊರಳಲ್ಲಿ ನೇತಾಡುವ ಸೀಟಿ ಊದುತ್ತಾರೆ. ಗೇಟಿನ ಹತ್ತಿರ ಆಕಳಿಸುತ್ತ ನಿಂತ ಮಕ್ಕಳು ಓಡಿ ಬರುತ್ತಾರೆ.

ಮಕ್ಕಳ ಬಾಯಲ್ಲಿ ಅವರು ಸೀಟಿ ಮೇಷ್ಟ್ರು. ಮೂವತ್ತು ವರ್ಷ ದಾಟಿದ ಕೋಚ್. ಶಾಲೆ ಅವರಿಗೆ ಕೊಟ್ಟಿರುವುದು ಮಣ್ಣಿನ ಮೈದಾನ ಮತ್ತು ಕಾಲು ಮುರಿದ ಬೆಂಚುಗಳು. ಆ ಬೆಂಚುಗಳೇ ಇಲ್ಲಿ ಹರ್ಡಲ್ಸು. ಇಲ್ಲಿ ಓಡಿ ಬೆಳೆದವರು ಈಗ ಪೊಲೀಸ್ ಇಲಾಖೆಯಲ್ಲಿದ್ದಾರೆ, ಆಸ್ಪತ್ರೆಯಲ್ಲಿದ್ದಾರೆ, ಒಬ್ಬಾಕೆ ಬಸ್ ಓಡಿಸುತ್ತಾಳೆ. ಮೇಷ್ಟ್ರನ್ನು ಕಂಡರೆ ಸ್ಟಾಪ್ ಇರಲಿ ಬಿಡಲಿ, ಬಸ್ ನಿಲ್ಲಿಸುತ್ತಾಳೆ.

ಅವರ ಪಾಠಗಳು ಚಿಕ್ಕವು. ಗೆದ್ದರೆ ಮೊದಲು ಸೋತವರ ಕೈ ಕುಲುಕು. ಬಿದ್ದರೆ ಎದ್ದ ಮೇಲೆ ಅಳು. ಎಲ್ಲಕ್ಕಿಂತ ಹೆಚ್ಚು ಸಲ ಹೇಳುವುದು ಇದು: "ಪಕ್ಕದ ಲೇನ್ ನೋಡಬೇಡ. ಕತ್ತು ತಿರುಗಿದ್ರೆ ಕಾಲೂ ತಿರುಗತ್ತೆ."

"ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ," ಎಂದು ಮನೆಯಲ್ಲಿ ಹೆಂಡತಿ ನಗುತ್ತಾರೆ. "ಒಂದು ವರ್ಷದಿಂದ ಇವರು ಪಕ್ಕದ ಲೇನ್ ಬಿಟ್ಟು ಬೇರೇನಾದ್ರೂ ನೋಡಿದಾರಾ ಕೇಳಿ."

ಪಕ್ಕದ ಲೇನ್ ಎಂದರೆ ರಸ್ತೆಯಾಚೆಯ ದೊಡ್ಡ ಶಾಲೆ. ಅಲ್ಲಿ ಕೆಂಪು ರಬ್ಬರ್ ಟ್ರ್ಯಾಕ್ ಇದೆ, ಮೇಷ್ಟ್ರ ಅರ್ಧ ವಯಸ್ಸಿನ ಕೋಚ್ ಇದ್ದಾನೆ. ಸೈಕಲ್ ರಿಪೇರಿಯವನ ಮಗಳನ್ನು ಮೇಷ್ಟ್ರು ಆರನೇ ಕ್ಲಾಸಿನಿಂದ ಈ ಮರಳಿನಲ್ಲೇ ಜಿಗಿಸಿ ಬೆಳೆಸಿದ್ದರು. ಕಳೆದ ವರ್ಷ ಆ ಶಾಲೆ ಅವಳನ್ನು ಕರೆದುಕೊಂಡಿತು. ಪದಕ ತಂದರೆ ಫೀಸಿಲ್ಲ, ತರದಿದ್ದರೆ ಸೀಟಿಲ್ಲ ಎಂಬುದು ಅವರ ಷರತ್ತು. ಅಪ್ಪ ಬಂದು ಕೇಳಿದಾಗ ಮೇಷ್ಟ್ರು, "ಒಳ್ಳೇದಾಗ್ಲಿ, ಕಳಿಸಪ್ಪಾ," ಎಂದಿದ್ದರು. ಬಾಯಿ ಹೇಳಿತು, ಹೊಟ್ಟೆ ಒಪ್ಪಲಿಲ್ಲ. ಪೇಪರಿನಲ್ಲಿ ಅವಳ ಪಕ್ಕ ಆ ಕೋಚ್ ನಿಂತ ಫೋಟೋ ಬಂದ ದಿನ ಊಟ ಸೇರಲಿಲ್ಲ. "ಆ ಕಿಚ್ಚಲ್ಲಿ ಸ್ನಾನದ ನೀರಾದ್ರೂ ಕಾಯಿಸ್ರೀ, ಗ್ಯಾಸ್ ಉಳಿಯತ್ತೆ," ಎಂದರು ಹೆಂಡತಿ.

ಇಬ್ಬರು ಕೋಚ್‌ಗಳದ್ದೂ ಒಂದೇ ಚರ್ಚು ಎನ್ನುವುದು ಇನ್ನೊಂದು ಪೀಕಲಾಟ. ಆ ಹುಡುಗನ ಸಂಸಾರ ಕೂರುವುದು ಮೇಷ್ಟ್ರ ಹಿಂದಿನ ಬೆಂಚಿನಲ್ಲೇ. ಪೂಜೆಯ ನಡುವೆ ಪಾದ್ರಿಗಳು "ಒಬ್ಬರಿಗೊಬ್ಬರು ಶಾಂತಿ ಕೋರಿಕೊಳ್ಳಿ" ಎಂದಾಗ ಅಕ್ಕಪಕ್ಕ, ಹಿಂದೆ ಮುಂದೆ ಇರುವವರಿಗೆಲ್ಲ ಕೈ ಕೊಡಬೇಕು. ಮೇಷ್ಟ್ರು ಜಾಗ ಬದಲಿಸಿದರು. ಕೆಮ್ಮು, ಗಾಳಿ ಬೇಕು ಎಂದು ನೆಪ ಹೇಳಿ ಬಾಗಿಲ ಬಳಿಯ ಕಂಬದ ಮರೆ ಹಿಡಿದರು. ವರ್ಷವಿಡೀ ಅಲ್ಲಿ ಕೂತರೂ ಒಂದು ಸಲವೂ ಕೆಮ್ಮಲಿಲ್ಲ. ಪಾಪನಿವೇದನೆಗೆ ಹೋದಾಗ ಮಾತ್ರ ಸುಳ್ಳು ಹೇಳಲಿಲ್ಲ. "ಮತ್ತೆ ಅದೇನಾ?" ಎಂದು ಪಾದ್ರಿಗಳಿಗೇ ಬೇಸರ ಬಂದಿತ್ತು.

ಕಳೆದ ತಿಂಗಳ ಕ್ರೀಡಾಕೂಟದಲ್ಲಿ ಈ ಕಿಚ್ಚಿಗೆ ಪರೀಕ್ಷೆ ಬಂತು. ಮೇಷ್ಟ್ರು ಗ್ಯಾಲರಿಯಲ್ಲಿ ಕೂತಿದ್ದರು. ಹುಡುಗಿ ಓಡಿ ಬಂದಳು, ಹಲಗೆ ದಾಟಿ ತುಳಿದಳು, ಫೌಲ್. ಎರಡನೆಯದೂ ಫೌಲ್. ಉಳಿದದ್ದು ಒಂದೇ ಜಿಗಿತ. "ಸುಳ್ಳು ಯಾಕೆ ಹೇಳಲಿ? ಹಾಲು ಕುಡಿದಷ್ಟು ಸಂತೋಷ ಆಯ್ತು," ಎನ್ನುತ್ತಾರೆ ಮೇಷ್ಟ್ರು. "ಮೂರನೇದೂ ತಪ್ಪಿದ್ರೆ ಅಲ್ಲಿ ಸೀಟ್ ಹೋಗತ್ತೆ, ನನ್ನ ಮಗು ನನ್ನ ಹತ್ರಾನೇ ವಾಪಸ್ ಬರತ್ತೆ ಅಂತ."

ತಪ್ಪು ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ಗಾಳಿ ಅವಳ ಬೆನ್ನಿಗಿತ್ತು. ಗಾಳಿ ತಳ್ಳಿದರೆ ಹೆಜ್ಜೆ ಉದ್ದವಾಗುತ್ತದೆ. ಓಟ ಶುರು ಮಾಡುವ ಗುರುತನ್ನು ಒಂದು ಪಾದ ಹಿಂದಿಟ್ಟರೆ ಸಾಕು, ಕಾಲು ಹಲಗೆಯ ಮೇಲೇ ಬೀಳುತ್ತದೆ. ಹೇಳಿದರೆ ಅವಳು ಅವನ ಪಾಲು, ಸುಮ್ಮನಿದ್ದರೆ ತನ್ನ ಪಾಲು. "ದೇವರೇ, ನನ್ನನ್ನ ಇಲ್ಲೇ ಕೂರಿಸು ಅಂತ ಬೇಡಿಕೊಂಡೆ," ಎನ್ನುತ್ತಾರೆ. ದೇವರು ಕೇಳಿಸಿಕೊಳ್ಳಲಿಲ್ಲವೋ ಏನೋ. ಕೆಳಗೆ ಸೊಂಟದ ಮೇಲೆ ಕೈಯಿಟ್ಟು, ತುಟಿ ಕಚ್ಚಿಕೊಂಡು ನಿಂತ ಹುಡುಗಿಯನ್ನು ನೋಡಿ ಮೇಷ್ಟ್ರು ಎದ್ದರು. ಜನರ ಕಾಲು ತುಳಿಯುತ್ತ, ಬೈಸಿಕೊಳ್ಳುತ್ತ ಬೇಲಿಯವರೆಗೆ ಓಡಿದರು.

"ಗುರುತು! ಒಂದು ಪಾದ ಹಿಂದಕ್ಕಿಡಪ್ಪಾ!"

ಆ ಕೋಚ್ ತಿರುಗಿ ನೋಡಿದ. "ಇಟ್ಟಾಯ್ತು ಮೇಷ್ಟ್ರೇ. ಗಾಳಿ ಅಲ್ವಾ?"

ಹುಡುಗಿ ಹಲಗೆಯ ಮೇಲೇ ಕಾಲಿಟ್ಟು ಚಿಮ್ಮಿದಳು. ಮೊದಲ ಸ್ಥಾನ. ಮರಳು ಕೊಡವಿಕೊಳ್ಳದೆ ಓಡಿದ್ದು ಅವನ ಹತ್ತಿರ. ಮೇಷ್ಟ್ರು ಬೇಲಿಯ ಈಚೆ ನಿಂತು ಚಪ್ಪಾಳೆ ಹೊಡೆದರು. ಆಮೇಲೆ ಅವರನ್ನು ಕಂಡು ಅವಳು, "ಮೇಷ್ಟ್ರೇ, ನೀವೂ ಬಂದಿದ್ರಾ?" ಎಂದಾಗ, "ಈ ಕಡೆ ಏನೋ ಕೆಲಸ ಇತ್ತು ಕಣಮ್ಮಾ," ಎಂದು ಮೂಗು ಒರೆಸಿಕೊಂಡರು.

"ಅವಳು ಗೆದ್ದಿದ್ದಕ್ಕೆ ಹೊಟ್ಟೆ ಉರೀಲಿಲ್ಲ," ಎನ್ನುತ್ತಾರೆ ಈಗ, ಮಕ್ಕಳ ಓಟದ ಮೇಲಿಂದ ಕಣ್ಣು ತೆಗೆಯದೆ. "ಅವನಿಗೂ ಗೊತ್ತಿತ್ತಲ್ಲ, ಅದಕ್ಕೆ ಉರೀತು. ಕೆಲಸ ಬರದವನಾಗಿದ್ರೆ ಬೈಕೊಂಡು ಹಾಯಾಗಿರ್ತಿದ್ದೆ. ಒಳ್ಳೇ ಕೋಚ್ ಅವನು. ಬೈಯೋಕೂ ಜಾಗ ಬಿಡಲಿಲ್ಲ."

ಕ್ರೀಡಾಕೂಟ ಮುಗಿದ ಭಾನುವಾರ ಮೇಷ್ಟ್ರು ಚರ್ಚಿನ ಹಳೆಯ ಬೆಂಚಿಗೆ ಮರಳಿದರು. ಪಾದ್ರಿಗಳು ಶಾಂತಿ ಕೋರಿಕೊಳ್ಳಿ ಎಂದಾಗ ತಿರುಗಿ ಕೈ ಚಾಚಿದರು. ಮರಳು ಕೆದಕಿ ಒರಟಾದ ಅವರ ಕೈಯನ್ನು ಆ ಹುಡುಗ ಎರಡೂ ಕೈಯಲ್ಲಿ ಹಿಡಿದುಕೊಂಡ. ಹೆಂಡತಿ ಪ್ರಾರ್ಥನೆ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ನಕ್ಕರು.

ಹಾಗಾದರೆ ಕಿಚ್ಚು ಆರಿತೇ? ಮೇಷ್ಟ್ರು ಸೀಟಿಯ ದಾರ ಬೆರಳಿಗೆ ಸುತ್ತುತ್ತಾರೆ. ರಸ್ತೆಯಾಚೆಯಿಂದಲೂ ಒಂದು ಸೀಟಿ ಕೇಳಿಸುತ್ತದೆ, ಅವರ ಕತ್ತು ಅತ್ತ ಹೊರಳುತ್ತದೆ.

"ಎಲ್ಲಿ ಆರತ್ತೆ? ದೇವರ ಹತ್ರ ಒಂದೇ ಒಂದು ಕೇಳಿಕೊಂಡಿದೀನಿ. ರಿಟೈರ್ ಆಗೋದರೊಳಗೆ ಒಂದ್ಸಲ, ಒಂದೇ ಒಂದ್ಸಲ, ನನ್ನ ಯಾವುದಾದ್ರೂ ಮಗೂನ ನೋಡಿ ಅವನೂ ಹೊಟ್ಟೆ ಉರ್ಕೋಬೇಕು. ಆಮೇಲೆ ಅವನಿಗೋಸ್ಕರ ನಾನೇ ಪ್ರಾರ್ಥನೆ ಮಾಡ್ತೀನಿ."